ಮಗ್ಗಲು ಹೊರಳಿಸಿದ ಖರ್ಚು

ಬೈಲಹೊಂಗಲದ ಬಜಾರದಲ್ಲಿ ಒಂದು ಕಾಲಕ್ಕೆ ನಿಜಗುಣಪ್ಪನ ಕೈಬರಹಕ್ಕೆ ಇದ್ದ ಮರ್ಯಾದೆ ಇವತ್ತು ಯಾರ ಕಂಪ್ಯೂಟರಿಗೂ ಇಲ್ಲ. ಇದನ್ನು ಅವನೇ ಹೇಳಿಕೊಳ್ಳುತ್ತಿದ್ದನೆಂದು ನಗಬೇಡಿ, ಹತ್ತಿ ಮಾರಲು ಬಂದ ರೈತರೂ ಹೇಳುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ, ರೈತರ ಮಾಲು ಮಾರಿಸಿಕೊಡುವ ಒಂದೇ ಅಡತಿ ಅಂಗಡಿಯಲ್ಲಿ ದಿವಾನಜಿಯಾಗಿ ಲೆಕ್ಕ ಬರೆದ ಮನುಷ್ಯ. ಮಾಲು ಮಾರಿದ ಮೇಲೆ ರೈತನ ಕೈಗೆ ಒಂದು ಪಟ್ಟಿ ಬರೆದು ಕೊಡಬೇಕಲ್ಲ, ಅದರಲ್ಲಿ ಉಳಿದ ಅಂಗಡಿಯವರು ಎಲ್ಲವನ್ನೂ 'ಖರ್ಚು' ಎಂಬ ಒಂದೇ ಸಾಲಿಗೆ ಗಂಟು ಕಟ್ಟಿ ಒಗೆಯುತ್ತಿದ್ದರು. ನಿಜಗುಣಪ್ಪ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ತೂಗಿದವನದು ಬೇರೆ ಸಾಲು, ಚೀಲ ಹೊಲಿದವಳದು ಬೇರೆ ಸಾಲು, ಹೊತ್ತ ಹಮಾಲನದು ಬೇರೆ ಸಾಲು. ಬೆನ್ನು ಮುರಿದು ದುಡಿದವರ ದುಡಿಮೆ ಕಾಗದದ ಮೇಲೆ ಎದ್ದು ಕಾಣಬೇಕು ಎನ್ನುವುದು ಅವನ ಹಠ. ಹಮಾಲರು ಅವನನ್ನು ಕಂಡರೆ ಬೀಡಿ ಬಿಸಾಕಿ ನಮಸ್ಕಾರ ಮಾಡುತ್ತಿದ್ದರು.

ಮಾಲಕರು ತೀರಿಕೊಂಡರು, ಮಕ್ಕಳು ಪಾಲಾದರು, ಅಂಗಡಿಗೆ ಬೀಗ ಬಿತ್ತು. ಐವತ್ತಾರರ ವಯಸ್ಸಿಗೆ ನಿಜಗುಣಪ್ಪ ಮನೆಯಲ್ಲಿ ಕೂತ. ಹೆಂಡತಿ ಬಾಯವ್ವ ಮೊದಲ ತಿಂಗಳು ಬಾಯಿ ಬಿಡಲಿಲ್ಲ. ಎರಡನೆಯ ತಿಂಗಳು, "ಹಿಂಗ ಒಬ್ಬರ ಮಾರಿ ಒಬ್ಬರು ನೋಡಕೋತ ಕುಂತ್ರ ಒಲಿ ಹತ್ತತೈತೇನ್ರಿ?" ಎಂದಳು. ಮಾತು ನಾಟಿತು. ಬಜಾರದ ಹಳೆಯ ಗುರುತಿನ ಮೇಲೆ ನಿಂಗರಾಜ ಡಾಕ್ಟರ ದವಾಖಾನೆಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು.

ನಿಂಗರಾಜರು ಎಲುಬಿನ ಡಾಕ್ಟರು. ಇಪ್ಪತ್ತು ಹಾಸಿಗೆಯ ದವಾಖಾನೆ. ಸವದತ್ತಿ ಕಡೆಯವರು, ಕಿತ್ತೂರಿನವರು, ಅತ್ತ ರಾಮದುರ್ಗದವರೂ ಕೈಕಾಲು ಮುರಿದುಕೊಂಡರೆ ಅಲ್ಲಿಗೇ ಬರುತ್ತಾರೆ. ಒಳಗೆ ಮಲಗಿದವರ ಬಿಲ್ಲು ತಯಾರು ಮಾಡುವುದು, ವಿಮೆ ಇದ್ದವರದನ್ನು ವಿಮಾ ಕಂಪನಿಗೆ ಕಳಿಸುವುದು, ಕಂಪನಿಯವರು ಏನಾದರೂ ತಕರಾರು ತೆಗೆದರೆ ಉತ್ತರ ಬರೆಯುವುದು, ಇದು ನಿಜಗುಣಪ್ಪನ ಕೆಲಸ. ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಂಪ್ಯೂಟರನ್ನೂ ಕಲಿತ. ತಲೆಯಲ್ಲಿ ಮಾತ್ರ ಅದೇ ಹತ್ತಿ ಬಜಾರದ ಪಟ್ಟಿ.

ಆ ದವಾಖಾನೆಯಲ್ಲಿ ತಂಗೆವ್ವ ಎಂಬ ಆಯಾ ಇದ್ದಳು. ನೇಸರಗಿಯವಳು. ಬೆಳಗಿನ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ನರ್ಸಲ್ಲ, ಓದು ಬರಹ ಇಲ್ಲ. ಆದರೆ ಮಲಗಿದಲ್ಲೇ ಮಲಗಿರಬೇಕಾದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸುವುದರಲ್ಲಿ ಅವಳ ಸರಿಸಾಟಿ ಆ ಊರಲ್ಲೇ ಇರಲಿಲ್ಲ. ಹಾಗೆ ಹೊರಳಿಸದಿದ್ದರೆ ಏನಾಗುತ್ತದೆ ಗೊತ್ತಲ್ಲ? ಸೊಂಟದ ಕೆಳಗಿನ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಕೊಳೆತು ತೂತು ಬೀಳುತ್ತದೆ. ತಂಗೆವ್ವ ರೋಗಿಯ ಕೆಳಗೆ ಮಡಿಚಿದ ಚಾದರ ತೂರಿಸಿ, ಆ ಕಡೆ ಮನೆಯವರನ್ನು ನಿಲ್ಲಿಸಿ, "ಹೂಂ, ಎತ್ತ ಯವ್ವಾ" ಎಂದು ಒಂದೇ ಉಸಿರಿಗೆ ಹೊರಳಿಸಿಬಿಡುತ್ತಿದ್ದಳು. ನೆಗ್ಗಿದ ಎಲುಬಿಗೆ ಸುದ್ದಿಯೇ ತಿಳಿಯುತ್ತಿರಲಿಲ್ಲ. ಸಂಜೆ ಹೋಗುವ ಮೊದಲು ಮನೆಯವರಿಗೆ ಕಲಿಸಿ ಹೋಗುತ್ತಿದ್ದಳು. ಅವರು ರಾತ್ರಿ ನಿದ್ದೆ ಹೊಡೆದಿದ್ದರೆ ಬೆಳಿಗ್ಗೆ ಬೆನ್ನು ನೋಡಿಯೇ ಹಿಡಿದು ಬೈಯುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಆ ವಾರ್ಡಿನಲ್ಲಿ ಒಬ್ಬನ ಬೆನ್ನೂ ಕೊಳೆತಿರಲಿಲ್ಲ. ಇಷ್ಟು ದೊಡ್ಡ ಮಾತನ್ನು ಡಾಕ್ಟರು ಒಂದು ದಿನವೂ ಆಡಿದವರಲ್ಲ, ಅವರಿಗೆ ಅದು ಗಮನಕ್ಕೇ ಬಂದಿರಲಿಲ್ಲ.

ನಿಜಗುಣಪ್ಪನ ಗಮನಕ್ಕೆ ಬಂತು. ಅದೇ ಕೆಟ್ಟಿದ್ದು ನೋಡಿ.

ಬಿಲ್ಲಿನಲ್ಲಿ ರೂಮಿನ ಬಾಡಿಗೆ ಇತ್ತು, ಡಾಕ್ಟರ ಫೀ ಇತ್ತು, ಎಕ್ಸ್‌ರೇ ಇತ್ತು, ಸೂಜಿ-ಸಲಾಯಿನ್ ಇತ್ತು. ತಂಗೆವ್ವ ಇರಲಿಲ್ಲ. ಹಮಾಲನನ್ನು ಬಿಟ್ಟು ಪಟ್ಟಿ ಬರೆದಂತೆ ಅವನಿಗೆ ಮುಜುಗರ. ಒಂದು ದಿನ ರೂಮಿನ ಬಾಡಿಗೆಯ ಕೆಳಗೆ ಹೊಸ ಸಾಲು ಸೇರಿಸಿದ: 'ಮಗ್ಗಲು ಹೊರಳಿಸಿದ ಖರ್ಚು'. ದಿನಕ್ಕೆ ಇಷ್ಟು ಅಂತ ಸಣ್ಣ ಮೊತ್ತ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಬಂದ್ರ ಬರ್ಲಿ ಬಿಡ್ರಿ" ಎಂದರು. ಬಂತು ಕೂಡ. ಒಂದು ವರ್ಷ ರೋಗಿಗಳೂ ಕೊಟ್ಟರು, ಕಂಪನಿಗಳೂ ಕೊಟ್ಟವು. ತಂಗೆವ್ವನ ಪಗಾರ ಹೆಚ್ಚಿಸಿರಿ ಎಂದು ನಿಜಗುಣಪ್ಪ ಎರಡು ಸಲ ಕೇಳಿದ. ದೀಪಾವಳಿಗೆ ನೋಡೋಣ ಎಂದರು. ದೀಪಾವಳಿಗೆ ಒಂದು ಸೀರೆ ಕೊಟ್ಟರು.

ಆಮೇಲೆ ಉಮಾಶ್ರೀ ಬಂದಳು. ವಿಮಾ ಕಂಪನಿಯ ಪರವಾಗಿ ದವಾಖಾನೆಗಳ ಬಿಲ್ಲು ತಪಾಸಣೆ ಮಾಡುವ ಹುಡುಗಿ, ತಾನೂ ವೈದ್ಯಕೀಯ ಓದಿದವಳು. ಬೆಳಗಾವಿಯಿಂದ ಬಂದು ಫೈಲುಗಳ ಗುಡ್ಡೆಯ ಮುಂದೆ ಕೂತಳು. ಚಹಾ ಬೇಡವೆಂದಳು. ಕೈಯಲ್ಲಿ ಯಾವುದಕ್ಕೆ ಎಷ್ಟು ದುಡ್ಡು ಎಂಬ ಕಂಪನಿಯ ಯಾದಿ, ಕೆಂಪು ಪೆನ್ನು. ರೂಮಿನ ಬಾಡಿಗೆಯಲ್ಲಿ ಸೇರಿದ ದಿನನಿತ್ಯದ ಸೇವೆಗೆ ಬೇರೆ ದುಡ್ಡು ಕೇಳಿದ್ದೀರಾ ಎಂದು ಹುಡುಕುವುದೇ ಅವಳ ಕೆಲಸ. ಹತ್ತಿ, ಕೈಗವಸು, ಮೈ ಒರೆಸಿದ್ದು, ಬಿ.ಪಿ. ನೋಡಿದ್ದು, ಎಲ್ಲಕ್ಕೂ ಸರಕ್ಕನೆ ಗೆರೆ. ಮಗ್ಗಲು ಹೊರಳಿಸಿದ ಖರ್ಚಿಗೆ ಬಂದಾಗ ತಲೆ ಎತ್ತಿ ನೋಡಿದಳು.

"ಕಾಕಾ, ಇದೇನ್ರಿ ಹೊಸಾದು?"

ನಿಜಗುಣಪ್ಪ ಹುರುಪಿನಿಂದ ಬಜಾರದ ಕತೆಯನ್ನೆಲ್ಲ ಹೇಳಿದ. ಹಮಾಲರ ಕತೆ, ಪಟ್ಟಿಯ ಕತೆ, ತಂಗೆವ್ವನ ಕತೆ. ಉಮಾಶ್ರೀ ಪೂರ್ತಿ ಕೇಳಿದಳು, ಆ ಮಟ್ಟಿಗೆ ಒಳ್ಳೆಯವಳೇ.

"ಕಾಕಾ, ರೂಮಿನ ಬಾಡಿಗಿ ತಗೊಂಡ ಮ್ಯಾಲೆ ಪೇಶಂಟನ್ನ ನೋಡಿಕೊಳ್ಳೋದು ಅದರಾಗ ಬಂತಲ್ರಿ? ಲಾಜಿನ್ಯಾಗ ತಲೆದಿಂಬಿಗೆ ಬ್ಯಾರೆ, ಚಾದರಕ್ಕ ಬ್ಯಾರೆ ಅಂತ ರೊಕ್ಕ ತಗೋತಾರೇನು? ಇದು ರೂಟೀನ್ ಐತಿ."

"ಹಂಗಂದ್ರ ಮಾಡೋದ ಬ್ಯಾಡ ಅಂತೀರೇನ್ರಿ?"

"ಅಯ್ಯ, ನಾ ಹಂಗ ಎಲ್ಲಿ ಅಂದೆ? ಮಾಡಾಕ ಬೇಕು. ಬ್ಯಾರೆ ರೊಕ್ಕ ಕೇಳಬ್ಯಾಡ್ರಿ ಅಂತೀನಿ."

ಅವಳ ಮಾತಿನಲ್ಲಿ ತಪ್ಪೇನಿತ್ತು ಹೇಳಿ? ಏನೂ ಇರಲಿಲ್ಲ. ಅವಳು ಹಿಂದಿನ ಒಂದು ವರ್ಷದ ಫೈಲುಗಳನ್ನೂ ತೆಗೆಸಿ, ಆ ಸಾಲು ಇದ್ದಲ್ಲೆಲ್ಲ ಗೆರೆ ಎಳೆದು, ಕೊಟ್ಟದ್ದನ್ನೆಲ್ಲ ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳುತ್ತೇವೆಂದು ಬರೆದು ಮಧ್ಯಾಹ್ನದ ಬಸ್ಸಿಗೆ ಹೋದಳು.

ನಿಂಗರಾಜ ಡಾಕ್ಟರು ಆ ಕಾಗದ ಓದಿ ಉರಿದುಬಿದ್ದರು. ಉರಿ ಇಳಿದ ಮೇಲೆ ಯೋಚನೆ ಮಾಡಿದರು. ಉರಿದಾಗಿನದಕ್ಕಿಂತ ಈಗಲೇ ಅವರು ಹೆಚ್ಚು ಅಪಾಯದವರು.

"ಬರೇ ಹೊರಳಿಸಾಕಂತ ನಾವು ಒಬ್ಬಾಕಿನ್ನ ಇಟಗೊಂಡೇವೇನ್ರಿ?"

"ಹೊರಳಿಸೋದಷ್ಟ ಅಲ್ರಿ ಸಾಹೇಬ್ರ, ಆಕಿ ಎಲ್ಲಾನೂ…"

"ಕಸಾ ಹೊಡ್ಯಾಕ ಬ್ಯಾರೆಯವರು ಅದಾರ. ಇಂಜೆಕ್ಷನ್ನಿಗೆ ನರ್ಸು ಅದಾರ. ಹೊರಳಿಸೋದು ಮನಿ ಮಂದಿ ಮಾಡ್ತಾರ ಬಿಡ್ರಿ. ನೀವ ಬಿಲ್ಲಿನ್ಯಾಗ ಹಾಕಿ ತೋರಿಸಿದ್ದು ಛಲೋ ಆತು, ಇಲ್ಲಂದ್ರ ನನಗ ಗೊತ್ತ ಆಗತಿರಲಿಲ್ಲ."

ಆ ತಿಂಗಳ ಕೊನೆಗೆ ತಂಗೆವ್ವನನ್ನು ಬಿಡಿಸಿದರು. ಕಣ್ಣೀರಿಲ್ಲ, ಜಗಳವಿಲ್ಲ. ಬುತ್ತಿಗಂಟು ಎತ್ತಿಕೊಂಡು ನಿಜಗುಣಪ್ಪನ ಮೇಜಿನ ಮುಂದೆ ನಿಂತಳು.

"ಯಣ್ಣಾ, ನನ್ನ ಕೆಲಸಾ ಬಿಲ್ಲಿನ್ಯಾಗ ಬರಿ ಅಂತ ನಿನಗ ಯಾರ ಹೇಳಿದ್ರು?"

"ನಿನಗ ಛಲೋ ಆಗ್ಲಿ ಅಂತ ಬರದ್ನೆವಾ."

"ಹದಿನೆಂಟ ವರ್ಷ ಯಾರ ಕಣ್ಣಿಗೂ ಬೀಳದಂಗ ದುಡದ ಹೊಟ್ಟಿ ಹೊರಕೊಂಡಿದ್ದೆ. ಛಲೋ ಆತು ಬಿಡು. ನಿನ್ನ ಛಲೋತನಕ್ಕ ಬೆಂಕಿ ಹತ್ತಲಿ."

ಬಜಾರದಲ್ಲಿ ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬ ಹಮಾಲನೂ ನಿಜಗುಣಪ್ಪನಿಗೆ ಇಂಥ ಮಾತು ಆಡಿರಲಿಲ್ಲ. ಮನೆಗೆ ಬಂದು ಊಟ ಬೇಡವೆಂದ.

ಎರಡು ತಿಂಗಳು ವಾರ್ಡಿನಲ್ಲಿ ಬರೀ ಕೈ ಮುರಿದವರು, ಮೊಣಕಾಲು ತಿರುಚಿದವರು. ಮೂರು ದಿನಕ್ಕೆ ಎದ್ದು ಹೋಗುವವರಿಗೆ ತಂಗೆವ್ವ ಇದ್ದರೇನು, ಬಿಟ್ಟರೇನು. ನಿಜಗುಣಪ್ಪನಿಗೂ ಮೈ ಹಗುರಾಗಿತ್ತು. ಆಗ ಮುರ್ತುಜಾಸಾಬನನ್ನು ತಂದರು.

ಮುರ್ತುಜಾಸಾಬ ಲಾರಿ ಡ್ರೈವರು. ನಿಜಗುಣಪ್ಪ ಅಡತಿಯಲ್ಲಿದ್ದಾಗ ಅಂಗಡಿಯ ಹತ್ತಿಯನ್ನೆಲ್ಲ ಹುಬ್ಬಳ್ಳಿಗೆ ಹೊಡೆದವನು ಅವನೇ. ಲೋಡಿನ ಮೇಲೆ ತಾಡಪತ್ರಿ ಬಿಗಿಯುವಾಗ ಹಗ್ಗ ಹರಿದು ಕೆಳಗೆ ಬಿದ್ದು ಸೊಂಟದ ಬೆನ್ನುಮಣಿ ನೆಗ್ಗಿತ್ತು. ಆಪರೇಷನ್ ಬೇಡ, ಆದರೆ ನಾಲ್ಕು ವಾರ ಹಾಸಿಗೆ ಬಿಟ್ಟು ಏಳದೆ ಮಲಗಿರಬೇಕು ಎಂದರು ಡಾಕ್ಟರು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಸೊಂಟದ ಕೆಳಗೆ ಜೋಮು ಹಿಡಿದಂತೆ, ಮುಟ್ಟಿದರೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಪುಣ್ಯಕ್ಕೆ ನಾಲ್ಕು ವರ್ಷದಿಂದ ತಪ್ಪದೆ ವಿಮೆಯ ಕಂತು ತುಂಬಿದ್ದ.

"ದಿವಾನಜಿ, ನೀವು ಇಲ್ಲೇ ಅದೀರೇನು? ಹಂಗಾರ ನನಗೇನ ಚಿಂತಿ ಇಲ್ಲ ಬಿಡ್ರಿ," ಎಂದು ಮಲಗಿದಲ್ಲೇ ನಕ್ಕ. ನಿಜಗುಣಪ್ಪ ಅವನ ಸ್ಟ್ರೆಚರಿನ ಹಿಂದೆಯೇ ನಡೆದ. ವಾರ್ಡಿಗೆ ಹೋಗಿ ನೋಡಿದ: ಇಬ್ಬರು ನರ್ಸುಗಳು ಹದಿನೇಳು ಹಾಸಿಗೆಗೆ ಸೂಜಿ ಚುಚ್ಚುತ್ತ ಓಡಾಡುತ್ತಿದ್ದರು. ಹೊರಳಿಸುವವರು ಯಾರೂ ಇರಲಿಲ್ಲ.

ಹೆಂಡತಿ ಜಮೀಲಾಬಿ ಹಾಸಿಗೆಯ ಪಕ್ಕ ಕಾವಲು ಕೂತಂತೆ ಕೂತಿದ್ದಳು. ಸೇರಿಸಿದ ದಿನ ಡಾಕ್ಟರು ಅವಸರದಲ್ಲಿ, "ಸೊಂಟ ಅಲುಗಾಡಿಸಬ್ಯಾಡ್ರಿ" ಎಂದು ಹೇಳಿ ಹೋಗಿದ್ದರು. ಆ ಮಾತನ್ನು ಆಕೆ ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದಳು. ಹಾಸಿಗೆ ಸರಿಮಾಡಲು ಬಂದವರನ್ನೂ ದೂರ ಸರಿಸುತ್ತಿದ್ದಳು. ಅಲುಗಾಡಿಸಬಾರದು ಬೇರೆ, ಹದವಾಗಿ ಹೊರಳಿಸುವುದು ಬೇರೆ ಎಂದು ಬಿಡಿಸಿ ಹೇಳುತ್ತಿದ್ದವಳು ತಂಗೆವ್ವ. ಅವಳು ನೇಸರಗಿಯಲ್ಲಿ ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದಳು.

ಐದನೆಯ ದಿನ, ಅದು ರವಿವಾರ, ನಿಜಗುಣಪ್ಪ ನೇಸರಗಿಯ ಬಸ್ಸು ಹತ್ತಿದ. ತಂಗೆವ್ವ ಬಾಗಿಲಲ್ಲಿ ಅವನನ್ನು ಕಂಡು ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ನಿಂತೇ ಎಲ್ಲ ಹೇಳಿದ. ಸಕ್ಕರೆ ಕಾಯಿಲೆ, ಜೋಮು, ಐದು ದಿನ ಎಂದು ಕೇಳುತ್ತಿದ್ದಂತೆ ಅವಳ ಮುಖದ ಬಿಗಿ ಸಡಿಲಿತು.

"ಐದು ದಿನಾ? ಎಪ್ಪಾ ಶಿವನ! ಬೆನ್ನ ನೋಡೀರೇನು?"

"ಯಾರೂ ನೋಡಿಲ್ಲ."

"ಡಾಕ್ಟ್ರು ಬಾ ಅಂದ್ರ ಈಗ ಬರತೇನಿ. ಅಂದಾರೇನು?"

ನಿಜಗುಣಪ್ಪ ತಲೆ ತಗ್ಗಿಸಿದ. ತಂಗೆವ್ವ ಒಳಗಿನಿಂದ ಅರ್ಧ ತುಂಬಿದ ಜೋಳದ ಚೀಲ ಎಳೆದು ತಂದು ಪಡಸಾಲೆಯಲ್ಲಿ ಅಡ್ಡ ಮಲಗಿಸಿದಳು, ಒಂದು ಹಳೆಯ ಚಾದರ ತಂದಳು. ಹೀಗೆ ಮಡಿಚು, ಹೀಗೆ ತೂರಿಸು, ಮೊದಲು ಭುಜ ಮತ್ತು ಸೊಂಟ ಒಟ್ಟಿಗೆ, ತಿರುಚಬಾರದು, ನೀ ಒಬ್ಬನೇ ಎಳೆಯಬಾರದು ಎಂದು ನಾಲ್ಕು ಸಲ ಮಾಡಿ ತೋರಿಸಿದಳು, ನಾಲ್ಕು ಸಲ ಅವನಿಂದ ಮಾಡಿಸಿದಳು. ಅರವತ್ತರ ಹತ್ತಿರದ ಮುದುಕ ಬೆವರಿ ನೀರಾದ. ಬೈಯುವಷ್ಟು ಬೈದಳು, ಆದರೆ ಕಲಿಸಿದಳು.

ಮರುದಿನ ಬೆಳಿಗ್ಗೆ ನಿಜಗುಣಪ್ಪ ಚಾದರ ಮಡಿಚಿಕೊಂಡು ವಾರ್ಡಿಗೆ ಹೋದ. ಒಬ್ಬ ನರ್ಸನ್ನು ಕಾಡಿ ಬೇಡಿ ಆ ಕಡೆ ನಿಲ್ಲಿಸಿದ. ಜಮೀಲಾಬಿ ಬೇಡ ಬೇಡ ಎನ್ನುತ್ತಿದ್ದಂತೆ ಹೊರಳಿಸತೊಡಗಿದ. ಜೀವಂತ ಮನುಷ್ಯ ಜೋಳದ ಚೀಲವಲ್ಲವಲ್ಲ. ಅರ್ಧಕ್ಕೆ ಬರುತ್ತಿದ್ದಂತೆ ಮುರ್ತುಜಾಸಾಬ "ಯಾ ಅಲ್ಲಾ!" ಎಂದು ಚೀರಿದ. ಜಮೀಲಾಬಿ ಇವನ ಕೈ ಹಿಡಿದು ಎಳೆದಳು. ಅವಳ ಬೊಬ್ಬೆಗೆ ಡಾಕ್ಟರು ಓಡಿ ಬಂದರು.

"ನಿಜಗುಣಪ್ನವರ, ನಿಮಗೇನ ತಲಿ ಕೆಟ್ಟೈತೇನ್ರಿ? ನಾಳೆ ಏನರ ಆದ್ರ ಉತ್ತರ ಕೊಡವರು ಯಾರು? ನಿಮ್ಮ ಕೆಲಸ ಬಿಲ್ಲು ಬರ್ಯೋದು. ಇನ್ನೊಮ್ಮೆ ಪೇಶಂಟನ್ನ ಮುಟ್ಟಿದ್ರ ಸೀದಾ ಮನೀಗೆ ನಡೀರಿ."

ನಿಜಗುಣಪ್ಪ ಚಾದರ ಮಡಿಚಿಟ್ಟು ಮೇಜಿಗೆ ಬಂದ. ಆಗಲೂ ಜಮೀಲಾಬಿಯನ್ನು ಹೊರಗೆ ಕರೆದು, ತಾಯೀ, ಹೀಗೆ ಹೀಗೆ, ಡಾಕ್ಟರ ಮಾತಿಗೆ ಅರ್ಥ ಅದಲ್ಲ, ನಿನ್ನ ಗಂಡನ ಬೆನ್ನು ಕೊಳೆಯುತ್ತದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮನೆ ನೆನಪಾಯಿತು, ಒಲೆ ನೆನಪಾಯಿತು, ಈ ವಯಸ್ಸಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ ಎಂದು ಹೆದರಿಕೆಯಾಯಿತು. ಹಮಾಲರ ಪರವಾಗಿ ಮಾಲಕರೊಂದಿಗೆ ಜಗಳ ಕಾದ ಆ ಮನುಷ್ಯ ಎಲ್ಲಿ ಸತ್ತಿದ್ದನೋ ಏನೋ. ಆಮೇಲೆ ಅವನು ಆ ವಾರ್ಡಿನ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟ, ಚಹಾಕ್ಕೆ ಹಿಂದಿನ ಬಾಗಿಲಿನಿಂದ ಹೋಗತೊಡಗಿದ.

ಹನ್ನೊಂದನೆಯ ದಿನ ವಾಸನೆ ಬಂತು. ಬೆನ್ನು ತಿರುವಿ ನೋಡಿದರೆ ಸೊಂಟದ ಕೆಳಗೆ ಅಂಗೈ ಅಗಲ ಕಪ್ಪು. ಒತ್ತಿದರೆ ಕೀವು. ಜಮೀಲಾಬಿ ಗೋಡೆಗೆ ಹಣೆ ಬಡಿದುಕೊಂಡಳು. "ನಾ ಅವರನ್ನ ಮುಟ್ಟಾಕ ಯಾರನ್ನೂ ಬಿಡಲಿಲ್ರಿ, ಇದು ಹ್ಯಾಂಗ ಆತ್ರಿ?" ಎಂದು ಸಿಕ್ಕವರನ್ನೆಲ್ಲ ಕೇಳಿದಳು. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಅದು ಪೂರ್ತಿ ಸುಳ್ಳೂ ಅಲ್ಲ, ಹಾಳಾಗಿ ಹೋಗಲಿ. ಆಪರೇಷನ್ ಕೋಣೆಗೆ ಒಯ್ದು ಕೊಳೆತದ್ದನ್ನು ಕೆರೆದು ತೆಗೆದರು. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೆರೆದರು. ಮೂರನೆಯ ಸಲ ತೊಡೆಯ ಚರ್ಮ ಕಿತ್ತು ಅಲ್ಲಿ ಹಚ್ಚಿದರು. ನಾಲ್ಕು ವಾರದ ಮಾತು ಒಂಬತ್ತು ವಾರವಾಯಿತು. ಸೊಂಟದ ಮಣಿ ಯಾವಾಗಲೋ ಕೂಡಿಕೊಂಡಿತ್ತು. ಆದರೆ ಮುರ್ತುಜಾಸಾಬ ಕೂರಲಾರ, ಕೂತರೆ ಹಚ್ಚಿದ ಚರ್ಮ ಹರಿಯುತ್ತದೆ. ಇನ್ನು ಲಾರಿಯ ಸೀಟಿನ ಆಸೆ ಬಿಡು ಎಂದು ಡಾಕ್ಟರು ಹೇಳಿಬಿಟ್ಟರು.

ಮನೆಗೆ ಬಿಡುವ ದಿನ ಬೆಳಿಗ್ಗೆ ನಿಜಗುಣಪ್ಪ ಬಿಲ್ಲು ತಯಾರಿಸಿದ. ಗಾಯ ಕೆರೆದ ಆಪರೇಷನ್ ಎರಡು. ಚರ್ಮ ಹಚ್ಚಿದ ಆಪರೇಷನ್ ಒಂದು. ಆಪರೇಷನ್ ಕೋಣೆಯ ಬಾಡಿಗೆ, ಅರಿವಳಿಕೆ ಡಾಕ್ಟರ ಫೀ, ದೊಡ್ಡ ಔಷಧಗಳು. ಒಂದೊಂದಕ್ಕೂ ಕಂಪನಿಯ ಯಾದಿಯಲ್ಲಿ ಹೆಸರಿತ್ತು, ದರವಿತ್ತು. ಒಂಬತ್ತೂವರೆಗೆ ಕಳಿಸಿದ. ಸಣ್ಣ ಬಿಲ್ಲಿಗೆ ಎರಡು ದಿನ ಸತಾಯಿಸಿ ಹತ್ತು ಪ್ರಶ್ನೆ ಕೇಳುವ ಕಂಪನಿ ಅದು. ಹನ್ನೊಂದು ಬಾರಿಸುವುದರೊಳಗೆ ಉತ್ತರ ಬಂತು: ಪೂರ್ತಿ ಮಂಜೂರು. ತಪಾಸಣೆ ಮಾಡಿದವರ ಜಾಗದಲ್ಲಿ ಉಮಾಶ್ರೀಯ ಹೆಸರಿತ್ತು. ಒಂದು ಸಾಲಿಗೂ ಗೆರೆ ಬಿದ್ದಿರಲಿಲ್ಲ.

ಡಾಕ್ಟರು ಹಾದು ಹೋಗುತ್ತ ಅವನ ಹೆಗಲು ತಟ್ಟಿದರು. "ನೋಡ್ರಿ, ಬಿಲ್ಲು ಅಂದ್ರ ಹಿಂಗ ಬರೀಬೇಕು."

ನಿಜಗುಣಪ್ಪ ಮಂಜೂರಾದ ಬಿಲ್ಲನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದ. ಹೊರಳಿಸಿದ್ದರೆ ಅದು ದಿನನಿತ್ಯದ ಕೆಲಸ, ಅದಕ್ಕೆ ಬೆಲೆಯಿಲ್ಲ. ಹೊರಳಿಸದೆ ಕೊಳೆಸಿದ್ದಕ್ಕೆ ಇಷ್ಟು ಬೆಲೆ. ಇದನ್ನು ಯಾವ ಸಾಲಿನಲ್ಲಿ ಬರೆಯಬೇಕು? ಯಾರಿಗೆ ಹೇಳಬೇಕು? ಆದರೂ ಕೆಲಸ ಬಾಕಿಯಿತ್ತು. ಕಟ್ಟಕಡೆಯ ಬಿಲ್ಲಿನ ಮೇಲೆ ರೋಗಿಯ ಸಹಿ ಬೇಕು, ಸೇವೆ ಎಲ್ಲ ಸರಿಯಾಗಿ ಸಿಕ್ಕಿದೆ ಎಂದು. ಕಾಗದ ಹಿಡಿದುಕೊಂಡು ಎಷ್ಟೋ ವಾರಗಳ ಮೇಲೆ ಆ ವಾರ್ಡಿಗೆ ಕಾಲಿಟ್ಟ.

ಮುರ್ತುಜಾಸಾಬ ಮಗ್ಗಲಾಗಿ ಮಲಗಿದ್ದ. ಅರ್ಧ ಆಳಾಗಿದ್ದ. ಜಮೀಲಾಬಿ ಎದ್ದು ಕೈಮುಗಿದಳು.

"ಅವತ್ತ ನಿಮಗ ಬಾಯಿ ಮಾಡಿದೆ, ಮನಸಿನ್ಯಾಗ ಇಟಗೋಬ್ಯಾಡ್ರಿ ಅಣ್ಣಾರ. ಒಂದ ರೂಪಾಯಿನೂ ಕಡೀದಂಗ ಬಿಲ್ಲು ಪಾಸ್ ಮಾಡಿಸಿದ್ರಂತ. ಅಲ್ಲಾ ನಿಮ್ಮನ್ನ ಛಲೋ ಇಟ್ಟಿರಲಿ."

ಅವಳು ಔಷಧದ ಚೀಟಿ ಹಿಡಿದು ಕೆಳಗೆ ಹೋದಳು. ಮುರ್ತುಜಾಸಾಬ ಬಾಗಿಲ ಕಡೆ ನೋಡಿ, ಅವಳು ಹೋದದ್ದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ.

"ದಿವಾನಜಿ, ಬಜಾರದಾಗ ನೀವು ಸುಳ್ಳ ಪಟ್ಟಿ ಬರದಿದ್ದು ನಾ ನೋಡಿಲ್ಲ. ಖರೇ ಹೇಳ್ರಿ. ಇದು ಸಕ್ಕರಿಯಿಂದ ಆತೇನು?"

ನಿಜಗುಣಪ್ಪ ಹಾಸಿಗೆಯ ಕಬ್ಬಿಣದ ಅಂಚು ಹಿಡಿದುಕೊಂಡ. "ಅಲ್ಲೋ ಮುರ್ತುಜಾ. ನಿನ್ನ ಯಾರೂ ಹೊರಳಿಸಲಿಲ್ಲ. ಹೊರಳಿಸಾಕ ಒಬ್ಬಾಕಿ ಇದ್ಲು. ನನ್ನಿಂದ ಆಕೀ ಕೆಲಸ ಹೋತು. ಆಮ್ಯಾಲೆ ನನಗೆಲ್ಲಾ ಗೊತ್ತಿತ್ತು, ನಾ ಸುಮ್ಮನ ಕುಂತೆ."

ಬೈದಿದ್ದರೆ ನಿಜಗುಣಪ್ಪ ಬದುಕಿಕೊಳ್ಳುತ್ತಿದ್ದ. ಮುರ್ತುಜಾಸಾಬ ಬೈಯಲಿಲ್ಲ.

"ಲಾಕ್‌ಡೌನಿನ್ಯಾಗ ಗಾಡಿ ಎರಡ ತಿಂಗಳ ನಿಂತಿತ್ತು. ನಿಂತಲ್ಲೇ ನಿಂತ್ರ ಟೈರು ಒಂದ ಕಡೆ ಕುಂತು ಹಾಳಾಗ್ತಾವ ಅಂತ ದಿನಾ ಮುಂಜಾನೆ ಹೋಗಿ ಚಾಲೂ ಮಾಡಿ, ಒಂದ ಮಾರು ಮುಂದ, ಒಂದ ಮಾರು ಹಿಂದ ಮಾಡಿ ಬರತಿದ್ದೆ. ಕಬ್ಬಿಣದ ಗಾಡೀಗೆ, ದಿವಾನಜಿ. ಯಾರೂ ಪಗಾರ ಕೊಡತಿರಲಿಲ್ಲ."

ಇಷ್ಟು ಹೇಳಿ ಸಹಿಗೆ ಕೈ ಚಾಚಿದ. ನಿಜಗುಣಪ್ಪ ಕಾಗದ ಹಿಡಿದ, ಪೆನ್ನು ಕೊಟ್ಟ, ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ. ಮುರ್ತುಜಾಸಾಬ ಸಹಿ ಮಾಡಿದ.